ಬಸ್ರೂರಿನ ನದಿಯೂ ನಗರತ್ವವೂ

ಉಡುಪಿ ಜಿಲ್ಲೆಯ ಕುಂದಾಪುರಕ್ಕೆ ಪೂರ್ವದಲ್ಲಿ, ಸುಮಾರು 7 ಕಿಲೋಮೀಟರು ದೂರದಲ್ಲಿ, ವಾರಾಹೀ ನದಿಯ ದಡದಲ್ಲಿರುವ ಬಸ್ರೂರು ಈಗ ಒಂದು ಗ್ರಾಮವು. ಪೂರ್ವದಲ್ಲಿ ಇದು ಪಟ್ಟಣವೆನಿಸಿದ್ದು, ಪೋರ್ಚುಗೀಸರ ಬರಹಗಳಲ್ಲಿ ಬಾರ್ಸೆಲೋರ್ ಎಂದು ಪ್ರಸಿದ್ಧವಾಗಿತ್ತು. ಕಡಲ ತೀರದಲ್ಲಿಲ್ಲದ ಊರು ರೇವುಪಟ್ಟಣವಾದುದು ಹೇಗೆ, ಆ ವೈಭವವು ಅಳಿದುದೇಕೆ ಎಂಬೀ ಪ್ರಶ್ನೆಗಳೆರಡಕ್ಕೂ ಉತ್ತರವು ನದಿಯಲ್ಲಿಯೇ ಇರುವುದು.

ಘಟ್ಟದಿಂದಿಳಿದ ವಾರಾಹಿಯು ಗಂಗೊಳ್ಳಿಯ ಬಳಿ ಸೌಪರ್ಣಿಕಾ, ಚಕ್ರಾ ಮೊದಲಾದ ನದಿಗಳೊಡನೆ ಕೂಡಿ ಕಡಲನ್ನು ಸೇರುವುದು. ಐದು ನದಿಗಳ ಈ ಸಂಗಮಕ್ಕೆ ಪಂಚಗಂಗಾವಳಿಯೆಂದು ಹೆಸರು. ಉಬ್ಬರದ ನೀರಿನೊಡನೆ ಒಳನಾಡಿಗೆ ಏರಿಬರುವ ದೋಣಿಗಳಿಗೆ ಮಳೆಗಾಲದ ಕಡಲಿನ ಹೊಡೆತವು ತಾಗದು. ಗದ್ದೆಗಳ ಅಕ್ಕಿಯೂ ಘಟ್ಟದ ಮೆಣಸೂ ನೀರಿನ ದಾರಿಯಲ್ಲಿಯೇ ಇಳಿದುಬರುವುವು. ಇಂತು ಕಡಲಿಗೂ ಘಟ್ಟಕ್ಕೂ ನಡುವೆ ನೆಲೆಗೊಂಡುದೇ ಈ ಊರಿನ ಭಾಗ್ಯಕ್ಕೆ ಮೂಲವು.

1342ರ ಸುಮಾರಿಗೆ ಈ ಕರಾವಳಿಯಲ್ಲಿ ಸಂಚರಿಸಿದ ಇಬನ್ ಬತೂತನು ಈ ಊರನ್ನು 'ಅಬೂ ಸರೂರ್' ಎಂದು ಕರೆದಿರುವನು. ಅರಬ್ಬೀ ಭಾಷೆಯಲ್ಲಿ 'ಅಬೂ' ಎಂದರೆ ತಂದೆ. ಕನ್ನಡದ ಹೆಸರು ಪರಭಾಷಿಕನ ಕಿವಿಗೆ ಪರಿಚಿತವಾದ ರೂಪವನ್ನು ತಾಳಿತೆಂದು ಊಹಿಸಬಹುದು. ವಿಜಯನಗರ ಕಾಲದ ಶಾಸನಗಳಲ್ಲಿ ಇಲ್ಲಿನ ಪಡುವಕೇರಿ, ಮೂಡುವಕೇರಿಗಳ ಉಲ್ಲೇಖವಿದೆ. 'ಹಲರು' ಎಂಬುದು ಊರಿನ ಪ್ರಮುಖರ ಸಭೆಯನ್ನು ಸೂಚಿಸುವ ಮಾತು. ಕರಾವಳಿಯ ಶಾಸನಗಳಲ್ಲಿ ಬರುವ 'ಹಂಜಮಾನ'ವಾದರೋ ಪಾರಸಿಯ 'ಅಂಜುಮನ್' ಶಬ್ದದ ತದ್ಭವವಾಗಿದ್ದು, ಪರದೇಶದ ವರ್ತಕರ ಸಂಘಕ್ಕೆ ಸಲ್ಲುವುದು. ದೂರದ ಕಡಲಿನೊಡನೆ ಇದ್ದ ಸಂಬಂಧಕ್ಕೆ ಈ ಶಬ್ದವೇ ಸಾಕ್ಷಿಯು.

ಆದರೆ ಯಾವ ನದಿಯು ಊರನ್ನು ಕಾಪಾಡಿತೋ ಅದೇ ನದಿಯ ಮುಖವು ಅದರ ದೌರ್ಬಲ್ಯವೂ ಆಯಿತು. ಗೋವೆಯ ಪೋರ್ಚುಗೀಸರಿಗೆ ಇಲ್ಲಿನ ಅಕ್ಕಿಯು ಅತ್ಯಾವಶ್ಯಕವಾಗಿದ್ದಿತು. ಅವರು 1569-70ರಲ್ಲಿ ಇಲ್ಲಿಗೆ ದಂಡೆತ್ತಿ ಬಂದು, ಬಳಿಕ ನದೀಮುಖದ ಕಡೆಯಲ್ಲಿ ಕೋಟೆಯನ್ನು ನಿಲ್ಲಿಸಿದರು. ಅದು ಕೆಳಗಿನ ಬಾರ್ಸೆಲೋರ್, ಬಸ್ರೂರು ಮೇಲಿನ ಬಾರ್ಸೆಲೋರ್ ಎನಿಸಿದುವು. ಊರನ್ನು ಮುಟ್ಟದೆಯೇ ಊರಿನ ವ್ಯಾಪಾರವನ್ನು ಹಿಡಿದಿಡುವ ಉಪಾಯವಿದು. ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಆ ಕೋಟೆಯನ್ನು ಅವರಿಂದ ಕಿತ್ತುಕೊಂಡನು. 1665ರ ಫೆಬ್ರವರಿಯಲ್ಲಿ ಶಿವಾಜಿಯು ನೌಕಾಬಲದೊಡನೆ ಬಂದು ಬಸ್ರೂರನ್ನು ಸೂರೆಗೊಂಡನು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದುದರಿಂದ ಕೆಳದಿಯ ಆಶ್ರಯವೂ ತಪ್ಪಿತು. 1799ರಲ್ಲಿ ಸೀಮೆಯು ಇಂಗ್ಲಿಷರ ಕೈಸೇರಿದ ಬಳಿಕ ನದೀಮುಖಕ್ಕೆ ಹತ್ತಿರವಾದ ಕುಂದಾಪುರವು ತಾಲ್ಲೂಕಿನ ಮುಖ್ಯಸ್ಥಾನವಾಗಿ ಬೆಳೆಯಿತು.

ನಗರವು ಗ್ರಾಮವಾದರೂ ಮಹಾಲಿಂಗೇಶ್ವರ ದೇವಾಲಯವೂ ಶಿಲಾಶಾಸನಗಳೂ ಉಳಿದಿವೆ. ಈ ಊರಿನ ಚರಿತ್ರೆಯನ್ನು ಅರಸರ ವಂಶಾವಳಿಗಳಿಂದ ಮಾತ್ರ ಅರಿಯಲಾಗದು. ಕೇರಿಗಳ ಹೆಸರು, ವರ್ತಕರ ಮಾತು, ನದಿಯ ಹರಿವು ಈ ಮೂರನ್ನೂ ಒಟ್ಟಿಗೆ ಓದಿದಾಗಲೇ ಅದರ ನಿಜರೂಪವು ಗೋಚರಿಸುವುದು.