ಮಾತ್ರೆಯ ಜೊತೆಗೊಂದು ಮಾತು

ಜ್ವರಕ್ಕೊಂದು ಪ್ಯಾರಾಸಿಟಮಾಲ್, ನೆಗಡಿಗೊಂದು ಸಂಯುಕ್ತ ಮಾತ್ರೆ, ಮೈಕೈ ನೋವಿಗೆ ಇನ್ನೊಂದು. ಔಷಧ ಅಂಗಡಿಗಳಲ್ಲಿ ದಿನವೂ ಕಾಣುವ ದೃಶ್ಯವಿದು. ಈ ಮೂರರಲ್ಲೂ ಪ್ಯಾರಾಸಿಟಮಾಲ್ ಇರಬಹುದೆಂಬುದು ಕೊಳ್ಳುವವರಿಗೆ ಹೊಳೆಯುವುದೇ ಇಲ್ಲ.

ಔಷಧಶಾಸ್ತ್ರದ ಮೊದಲ ಪಾಠಗಳಲ್ಲೇ ಫಾರ್ಮಸಿ ವಿದ್ಯಾರ್ಥಿಗೆ ಎರಡು ಪ್ರಶ್ನೆಗಳು ಎದುರಾಗುತ್ತವೆ: ಔಷಧ ದೇಹಕ್ಕೆ ಏನು ಮಾಡುತ್ತದೆ? ದೇಹ ಔಷಧವನ್ನು ಏನು ಮಾಡುತ್ತದೆ? ಎರಡನೆಯದು ಪರೀಕ್ಷೆಗಾಗಿ ಉರುಹೊಡೆದು ಮರೆಯುವ ಅಧ್ಯಾಯವೆಂದೇ ಹಲವರ ಭಾವನೆ. ಪ್ಯಾರಾಸಿಟಮಾಲ್ ಕಥೆ ಇರುವುದು ಅಲ್ಲಿಯೇ. ನುಂಗಿದ ಔಷಧದ ಬಹುಪಾಲನ್ನು ಯಕೃತ್ತು ನಿರಪಾಯಕಾರಿಯಾಗಿಸಿ ಮೂತ್ರದ ಮೂಲಕ ಸಾಗಹಾಕುತ್ತದೆ. ಸಣ್ಣದೊಂದು ಪಾಲು ಮಾತ್ರ ವಿಷವಸ್ತುವಾಗುತ್ತದೆ; ಗ್ಲುಟಾಥಯೋನ್ ಎಂಬ ದ್ರವ್ಯ ಅದನ್ನು ಕೂಡಲೇ ಕಟ್ಟಿಹಾಕುತ್ತದೆ. ಪ್ರಮಾಣ ಮೀರಿದರೆ ಈ ದಾಸ್ತಾನು ಬರಿದಾಗಿ ಯಕೃತ್ತಿನ ಕೋಶಗಳೇ ಸಾಯತೊಡಗುತ್ತವೆ. ವಿಪರ್ಯಾಸವೆಂದರೆ, ಮೊದಲ ದಿನ ರೋಗಿ ಆರೋಗ್ಯವಂತನಂತೆಯೇ ಕಾಣಬಹುದು. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವೇನೋ ಇದೆ. ಒಮ್ಮೆಗೇ ಮಿತಿಮೀರಿ ನುಂಗಿದವರಿಗೆ 8 ಗಂಟೆಗಳೊಳಗೆ ಕೊಟ್ಟರೆ ಅದರ ಫಲ ಅತ್ಯುತ್ತಮ. ಆದರೆ ಲಕ್ಷಣವೇ ಕಾಣದಿರುವಾಗ ಆಸ್ಪತ್ರೆಗೆ ಓಡುವವರಾರು?

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ಅಂದರೆ 500 ಮಿಲಿಗ್ರಾಂನ 8 ಮಾತ್ರೆ; 650 ಮಿಲಿಗ್ರಾಂನದಾದರೆ ಆರಕ್ಕೇ ನಿಲ್ಲಬೇಕು. ಮದ್ಯವ್ಯಸನಿಗಳಿಗೆ, ಅಪೌಷ್ಟಿಕತೆಯಿಂದ ಸೊರಗಿದವರಿಗೆ ಇಷ್ಟೂ ಹೆಚ್ಚಾದೀತು.

ರೋಗಿಗೆ ತಿಳಿವಳಿಕೆ ನೀಡುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ವೃತ್ತಿ ನಿಯಮಾವಳಿಯೇ ಹೇಳುತ್ತದೆ. ‘ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ಚಿಲ್ಲರೆಯ ಬಗ್ಗೆಯಲ್ಲದೆ ಬೇರೇನನ್ನಾದರೂ ಅಂಗಡಿಯಾತ ನಮ್ಮನ್ನು ಕೇಳಿದ್ದು ಯಾವಾಗ?