ಹಳೆಯ ಸ್ಪೋರ್ಟ್ಸ್‌ ಕಾರಿಗೆ ಹೊಸ ಎಂಜಿನ್‌: ಇಳಿಸುವ ಮುನ್ನ ಆರ್‌.ಸಿ. ಓದಿ

ಬೆಂಗಳೂರು: ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಷೆಡ್ಡುಗಳಲ್ಲಿ ತಂದೆಯ ಅಥವಾ ಅಜ್ಜನ ಕಾಲದ ಕಾರುಗಳು ಇಂದಿಗೂ ಉಳಿದಿವೆ. ಬಹುಪಾಲು ಅಂಬಾಸಿಡರ್‌, ಫಿಯೆಟ್‌, ಹೆರಾಲ್ಡ್‌ಗಳಾದರೆ ಅಲ್ಲೊಂದು ಇಲ್ಲೊಂದು ಎಂ.ಜಿ.ಯಂತಹ ಸ್ಪೋರ್ಟ್ಸ್‌ ಕಾರು. ವರ್ಷಗಟ್ಟಲೆ ನಿಂತು ಎಂಜಿನ್‌ ಸೀಜ್‌ ಆದಾಗ ಮನೆಯ ಮಕ್ಕಳಿಗೆ ಮೊದಲು ಹೊಳೆಯುವುದು ಒಂದೇ ಉಪಾಯ: ದೇಹ ಹಳೆಯದೇ ಇರಲಿ, ಎಂಜಿನ್‌ ಮಾತ್ರ ಹೊಸದು ಹಾಕಿಸೋಣ.

ಗ್ಯಾರೇಜಿನ ದೃಷ್ಟಿಯಿಂದ ಇದು ಕಷ್ಟವಾದರೂ ಅಸಾಧ್ಯವಲ್ಲ. ಕಾನೂನಿನ ದೃಷ್ಟಿಯಿಂದ ಮಾತ್ರ ದಾರಿ ತೀರಾ ಕಿರಿದು. ಎಂಜಿನ್‌ ಬದಲಾದ ಕಾರು ಸೊಗಸಾಗಿ ಓಡಬಹುದು. ಆದರೆ ಅದರ ನೋಂದಣಿ, ವಿಮೆ ಹಾಗೂ ‘ವಿಂಟೇಜ್‌’ ಎಂಬ ಮಾನ್ಯತೆ ಮೂರೂ ಒಟ್ಟಿಗೆ ಅಪಾಯಕ್ಕೆ ಸಿಲುಕಬಹುದು.

ಕ್ರೇಟ್‌ ಎಂಜಿನ್‌ ಎಂದರೇನು?

ಕಾರ್ಖಾನೆಯಲ್ಲಿ ಪೂರ್ಣವಾಗಿ ಜೋಡಿಸಿ, ಮರದ ಪೆಟ್ಟಿಗೆಯಲ್ಲಿಟ್ಟು ನೇರವಾಗಿ ಗ್ರಾಹಕರಿಗೆ ಮಾರುವ ಎಂಜಿನ್ನಿಗೆ ಅಮೆರಿಕದಲ್ಲಿ ‘ಕ್ರೇಟ್‌ ಎಂಜಿನ್‌’ ಎಂಬ ಹೆಸರಿದೆ. 1997ರ ಷೆವರ್ಲೆ ಕಾರ್ವೆಟ್‌ ಕಾರಿನೊಂದಿಗೆ ಬಂದ ಎಲ್‌ಎಸ್‌ ಸರಣಿಯ ಎಂಟು ಸಿಲಿಂಡರುಗಳ ಎಂಜಿನ್‌ ಈ ಮಾರುಕಟ್ಟೆಯಲ್ಲಿ ಬಲು ಜನಪ್ರಿಯ. ಗಾತ್ರದಲ್ಲಿ ಅಡಕ, ಶಕ್ತಿಯಲ್ಲಿ ಹೆಚ್ಚು, ಬಿಡಿಭಾಗಗಳು ಸುಲಭವಾಗಿ ಲಭ್ಯ ಎಂಬುದೇ ಇದಕ್ಕೆ ಕಾರಣ.

ನಮ್ಮಲ್ಲಿ ಹೀಗೆ ಪೆಟ್ಟಿಗೆಯಲ್ಲಿ ಎಂಜಿನ್‌ ಕೊಳ್ಳುವ ಪದ್ಧತಿ ಬೆಳೆಯಲಿಲ್ಲ. ಹೊಸ ಎಂಜಿನ್‌ ಎಂದರೆ ಸಾಮಾನ್ಯವಾಗಿ ಅಪಘಾತಕ್ಕೀಡಾದ ಅಥವಾ ಗುಜರಿ ಸೇರಿದ ಇನ್ನೊಂದು ಕಾರಿನಿಂದ ಇಳಿಸಿದ್ದು ಎಂದೇ ಅರ್ಥ. ಹಾಗಾಗಿ ಅದರ ಪೂರ್ವಾಪರ ತಿಳಿಯುವುದು ಮೊದಲ ಕೆಲಸ.

ಕಾರ್ಖಾನೆಗಳೂ ಮಾಡಿದ ಪ್ರಯೋಗ

ಹಳೆಯ ದೇಹಕ್ಕೆ ಬೇರೆ ಎಂಜಿನ್‌ ಕೂರಿಸುವುದು ಹವ್ಯಾಸಿಗಳ ಹುಚ್ಚು ಮಾತ್ರವಲ್ಲ. ಬ್ರಿಟನ್ನಿನಲ್ಲಿ 1962ರಿಂದ ತಯಾರಾಗುತ್ತಿದ್ದ ಎಂಜಿಬಿ ಸ್ಪೋರ್ಟ್ಸ್‌ ಕಾರಿಗೆ 1973ರಲ್ಲಿ ತಯಾರಕರೇ ರೋವರ್‌ ಕಂಪನಿಯ 3.5 ಲೀಟರ್‌ ಅಲ್ಯೂಮಿನಿಯಂ ವಿ8 ಎಂಜಿನ್‌ ಅಳವಡಿಸಿದರು. ಅದು ಹಳೆಯ ನಾಲ್ಕು ಸಿಲಿಂಡರಿನ ಎರಕದ ಕಬ್ಬಿಣದ ಎಂಜಿನ್ನಿನಷ್ಟೇ ಹೆಚ್ಚುಕಡಿಮೆ ತೂಗುತ್ತಿದ್ದುದರಿಂದ ಕಾರಿನ ಸಮತೋಲನ ಕೆಡಲಿಲ್ಲ. ಆದರೂ ಬ್ರೇಕ್‌ ಡಿಸ್ಕುಗಳನ್ನು ದಪ್ಪಗೊಳಿಸಲಾಯಿತು. ಹಿಂದಿನ ಆಕ್ಸಲ್‌ನ ಗೇರ್‌ ಅನುಪಾತವನ್ನು 3.9ರಿಂದ 3.07ಕ್ಕೆ ಇಳಿಸಲಾಯಿತು.

ಭಾರತದ ಉದಾಹರಣೆ ಕಾಂಟೆಸ್ಸಾ. 1970ರ ದಶಕದ ವಾಕ್ಸ್‌ಹಾಲ್‌ ವಿಕ್ಟರ್‌ ದೇಹದ ಈ ಕಾರು 1984ರಲ್ಲಿ ಅಂಬಾಸಿಡರಿನ 1489 ಸಿಸಿ ಎಂಜಿನ್ನಿನೊಂದಿಗೆ ಬಂದಾಗ ಅದರ ಶಕ್ತಿ ಸುಮಾರು 50 ಅಶ್ವಶಕ್ತಿ ಮಾತ್ರ. ಭಾರಿ ದೇಹಕ್ಕೆ ಅದು ಸಾಲಲಿಲ್ಲ. ಮುಂದೆ ಹಿಂದೂಸ್ತಾನ್‌ ಮೋಟಾರ್ಸ್‌ ಜಪಾನಿನ ಇಸುಝು ವಿನ್ಯಾಸದ 1817 ಸಿಸಿ ಎಂಜಿನ್ನನ್ನು ಐದು ಗೇರುಗಳೊಂದಿಗೆ ಅಳವಡಿಸಿದ ಮೇಲೆ ಕಾರಿನ ಸ್ವಭಾವವೇ ಬದಲಾಯಿತು.

ಕೆಲಸ ಎಂಜಿನ್ನಿಗೆ ಮುಗಿಯದು

ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆ ಮತ್ತು ಅದಕ್ಕೆ ಅಂಟಿಕೊಂಡಿರುವ ಕಲಾಸಿಪಾಳ್ಯ ವಾಹನ ಬಿಡಿಭಾಗಗಳ ವ್ಯಾಪಾರಕ್ಕೆ ದಶಕಗಳಿಂದ ಹೆಸರುವಾಸಿ. ಆದರೆ ಅಂಗಡಿಯಲ್ಲಿ ಎಂಜಿನ್‌ ದೊರೆತ ಮಾತ್ರಕ್ಕೆ ಅದು ಕಾರಿಗೆ ಒಗ್ಗುವುದಿಲ್ಲ.

ಎಂಜಿನ್‌ ಕೂರುವ ಮೌಂಟಿಂಗ್‌ಗಳನ್ನು ಹೊಸದಾಗಿ ಮಾಡಿಸಬೇಕು. ಹಳೆಯ ಗೇರ್‌ಬಾಕ್ಸ್‌ ಉಳಿಸಿಕೊಂಡರೆ ನಡುವೆ ಅಡಾಪ್ಟರ್‌ ಪ್ಲೇಟ್‌ ಬೇಕು. ಹೊಸದನ್ನು ಹಾಕಿದರೆ ಪ್ರೊಪೆಲ್ಲರ್‌ ಶಾಫ್ಟಿನ ಉದ್ದವನ್ನು ಸರಿಹೊಂದಿಸಿ ಬ್ಯಾಲೆನ್ಸ್‌ ಮಾಡಿಸಬೇಕು. ಕಾರ್ಬ್ಯುರೇಟರಿಗೆ ಅತ್ಯಲ್ಪ ಒತ್ತಡದ ಪೆಟ್ರೋಲ್‌ ಸಾಕು. ಇಂಜೆಕ್ಷನ್‌ ಎಂಜಿನ್ನಿಗೆ ಅದರ ಹತ್ತು ಪಟ್ಟಿಗೂ ಮಿಗಿಲಾದ ಒತ್ತಡ ಬೇಕಾದ್ದರಿಂದ ಪಂಪ್‌, ಪೈಪುಗಳೆಲ್ಲವೂ ಬದಲಾಗಬೇಕು.

ವಿದ್ಯುತ್‌ ವ್ಯವಸ್ಥೆಯದು ಇನ್ನೊಂದು ತೊಡಕು. 1955ರಲ್ಲಿ ಬಂದ ಎಂಜಿಎಯಂತಹ ಬ್ರಿಟಿಷ್‌ ಕಾರುಗಳಲ್ಲಿ ಬ್ಯಾಟರಿಯ ಧನಾಗ್ರವನ್ನು ದೇಹಕ್ಕೆ ಜೋಡಿಸಲಾಗಿತ್ತು. ಇಂದಿನ ಎಂಜಿನ್ನಿನ ಕಂಪ್ಯೂಟರ್‌ ಇದಕ್ಕೆ ತದ್ವಿರುದ್ಧ. ಇದನ್ನು ಗಮನಿಸದೆ ಸಂಪರ್ಕ ಕೊಟ್ಟರೆ ಕಂಪ್ಯೂಟರ್‌ ಸುಟ್ಟುಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಬ್ರೇಕ್‌. ಎಂಜಿನ್ನಿನ ಶಕ್ತಿ ಎರಡು ಪಟ್ಟಾಗಿ, ಬ್ರೇಕ್‌ ಮಾತ್ರ 1950ರ ದಶಕದ್ದೇ ಆಗಿದ್ದರೆ ಅಪಾಯ ಕಾರಿನೊಳಗಿನವರಿಗಷ್ಟೇ ಅಲ್ಲ, ರಸ್ತೆಯಲ್ಲಿರುವ ಎಲ್ಲರಿಗೂ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್‌ 2019ರ ಜನವರಿಯಲ್ಲಿ ಈ ನಿಯಮವನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆಟ್ಟ ಎಂಜಿನ್ನಿನ ಬದಲಿಗೆ ಅದೇ ತಯಾರಕರ ಅದೇ ಮಾದರಿಯ ಎಂಜಿನ್‌ ಹಾಕಿಸಿ, ಆರ್‌ಟಿಒ ಅನುಮತಿಯೊಂದಿಗೆ ಹೊಸ ಎಂಜಿನ್‌ ಸಂಖ್ಯೆಯನ್ನು ಆರ್‌.ಸಿ.ಯಲ್ಲಿ ದಾಖಲಿಸಬಹುದು. ಸಿಎನ್‌ಜಿ, ಎಲ್‌ಪಿಜಿ ಅಥವಾ ವಿದ್ಯುತ್‌ ಚಾಲನೆಗೆ ಮಾನ್ಯತೆ ಪಡೆದ ಕಿಟ್‌ ಅಳವಡಿಸಲೂ ಅವಕಾಶವಿದೆ. ಆದರೆ ಒಂದು ಕಂಪನಿಯ ಕಾರಿಗೆ ಮತ್ತೊಂದು ಕಂಪನಿಯ ಹೆಚ್ಚು ಶಕ್ತಿಯ ಎಂಜಿನ್‌ ಈ ಯಾವ ವಿನಾಯಿತಿಯೊಳಗೂ ಬರುವುದಿಲ್ಲ. ವಿವರಗಳು ಆರ್‌.ಸಿ.ಗೆ ಹೊಂದದಿದ್ದರೆ ಅಪಘಾತದ ಸಂದರ್ಭದಲ್ಲಿ ಪರಿಹಾರ ನಿರಾಕರಿಸಲು ವಿಮಾ ಕಂಪನಿಗೆ ಕಾರಣವೊಂದು ಸಿಕ್ಕಂತೆಯೇ.

ಐವತ್ತು ವರ್ಷದ ಗೆರೆ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್‌ ವಾಹನಗಳಿಗೆ ಪ್ರತ್ಯೇಕ ನಿಯಮ ರೂಪಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ವಾಹನಕ್ಕೆ ‘ವಿಎ’ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಅವಧಿ ಹತ್ತು ವರ್ಷ. ಇಂತಹ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬಹುದು. ಮುಖ್ಯ ಷರತ್ತೆಂದರೆ ವಾಹನ ಮೂಲ ಸ್ವರೂಪದಲ್ಲೇ ಇರಬೇಕು. ಚಾಸಿಸ್‌, ದೇಹ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಉತ್ಸಾಹದಿಂದ ಹಾಕಿಸಿದ ಹೊಸ ಎಂಜಿನ್ನೇ ಈ ಮಾನ್ಯತೆಯನ್ನು ಕಸಿದುಕೊಳ್ಳಬಲ್ಲದು.

ನಿಜವಾದ ಇಕ್ಕಟ್ಟು ನಡುಪ್ರಾಯದ ಕಾರುಗಳದು. ಬೆಂಗಳೂರಿನ ಸಿಪಾನಿ ಸಂಸ್ಥೆ 1982ರಲ್ಲಿ ಹೊರತಂದ ಡಾಲ್ಫಿನ್‌ ಇದಕ್ಕೆ ಉದಾಹರಣೆ. ಬ್ರಿಟನ್ನಿನ ರಿಲಯಂಟ್‌ ಕಿಟನ್‌ ಆಧಾರದ ಈ ಕಾರಿಗೆ ಫೈಬರ್‌ಗ್ಲಾಸ್‌ ದೇಹ, 848 ಸಿಸಿ ಅಲ್ಯೂಮಿನಿಯಂ ಎಂಜಿನ್‌. ಹಗುರವಾಗಿದ್ದುದರಿಂದ ರ್‍ಯಾಲಿಗಳಲ್ಲಿ ಸೈ ಎನಿಸಿಕೊಂಡಿತ್ತು. ಇಂದು ತಯಾರಿಕೆಯೂ ಇಲ್ಲ, ಅದೇ ಮಾದರಿಯ ಎಂಜಿನ್‌ ಸಿಗುವುದೂ ದುರ್ಲಭ. ಮೊದಲ ವರ್ಷದ ಕಾರಿಗೂ 50 ತುಂಬುವುದು 2032ರಲ್ಲಿ. ಅಲ್ಲಿಯವರೆಗೆ ಅದು ವಿಂಟೇಜೂ ಅಲ್ಲ. ಬೇರೆ ಎಂಜಿನ್‌ ಹಾಕಿದರೆ ಸಕ್ರಮವೂ ಅಲ್ಲ. ನಗರದಲ್ಲೇ ಹುಟ್ಟಿದ ಕಾರು ನಗರದ ರಸ್ತೆಯಲ್ಲೇ ಓಡಲಾಗದ ಸ್ಥಿತಿ ಇದು.

ಹಾಗಾದರೆ ದಾರಿ ಏನು?

ಮೊದಲು ಮೂಲ ಎಂಜಿನ್ನನ್ನೇ ಉಳಿಸಿಕೊಳ್ಳಲು ಯತ್ನಿಸುವುದು ಲೇಸು. ಸಿಲಿಂಡರ್‌ ಬೋರ್‌ ಮಾಡಿಸಿ, ಹೊಸ ಪಿಸ್ಟನ್‌, ಬೇರಿಂಗ್‌ ಹಾಕಿಸಿದರೆ ಸೀಜ್‌ ಆದ ಎಷ್ಟೋ ಎಂಜಿನ್ನುಗಳು ಮತ್ತೆ ಓಡುತ್ತವೆ. ಎಂಜಿಎ ಕಾರಿನ ಮೊದಲ ಎಂಜಿನ್‌ ಮತ್ತು ಅಂಬಾಸಿಡರಿನ 1489 ಸಿಸಿ ಎಂಜಿನ್‌ ಒಂದೇ ಬ್ರಿಟಿಷ್‌ ವಂಶಕ್ಕೆ ಸೇರಿದವು; ಆದ್ದರಿಂದ ಅಂಬಾಸಿಡರ್‌ ಬಲ್ಲ ಹಿರಿಯ ಮೆಕ್ಯಾನಿಕ್‌ಗಳಿಗೆ ಇದು ಅಪರಿಚಿತವಲ್ಲ. ಎಥೆನಾಲ್‌ ಬೆರೆತ ಇ20 ಪೆಟ್ರೋಲಿನ ಭಯವಿದ್ದರೆ, ಎಂಜಿನ್‌ ಬದಲಿಸುವ ಮುನ್ನ ಅದಕ್ಕೆ ತಾಳಿಕೊಳ್ಳುವ ರಬ್ಬರ್‌ ಪೈಪು, ಸೀಲುಗಳನ್ನು ಹಾಕಿಸಿ ನೋಡಬಹುದು.

ಬದಲಿಸಲೇಬೇಕೆಂದರೆ ಆರ್‌ಟಿಒ ಅನುಮತಿ ಮೊದಲು, ಗ್ಯಾರೇಜು ನಂತರ. ಕೊಳ್ಳುವ ಎಂಜಿನ್ನಿನ ಸಂಖ್ಯೆ ಅಳಿಸಿಲ್ಲವೆಂದು ಖಚಿತಪಡಿಸಿಕೊಂಡು, ರಸೀದಿಯನ್ನೂ ಅದು ಬಂದ ವಾಹನದ ದಾಖಲೆಯ ಪ್ರತಿಯನ್ನೂ ಪಡೆಯಬೇಕು. ಇಲ್ಲದಿದ್ದರೆ ಕಳವಾದ ವಾಹನದ ಎಂಜಿನ್‌ ಮನೆ ಸೇರುವ ಸಂಭವವುಂಟು. ಸಂಖ್ಯೆ ಬದಲಾದ ಮೇಲೆ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಇಳಿಸಿದ ಮೂಲ ಎಂಜಿನ್ನನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ ಜೋಪಾನವಾಗಿ ಇಟ್ಟುಕೊಳ್ಳುವುದು ಜಾಣತನ. ಕಾರಿಗೆ ಐವತ್ತು ತುಂಬಿದ ದಿನ ಅದಕ್ಕೆ ಮತ್ತೆ ಬೆಲೆ ಬರುತ್ತದೆ.