ಮಾಟುಂಗಾದ ದುಂಡು ಬಾಲ್ಕನಿ ಮನೆ

ಮುಂಬಯಿಯ ಮಾಟುಂಗಾದಲ್ಲಿ, ಫೈವ್ ಗಾರ್ಡನ್ಸ್ ಆಸುಪಾಸಿನಲ್ಲಿ ತಲೆ ಎತ್ತಿಕೊಂಡೇ ನಡೆಯಬೇಕು. ರಸ್ತೆ ಹೊರಳುವ ಕಡೆ ಕಟ್ಟಡವೂ ದುಂಡಗೆ ಹೊರಳುತ್ತದೆ; ಕಿಟಕಿಗಳ ಮೇಲೆ ಹುಬ್ಬಿನ ಹಾಗೆ ಚಾಚಿದ ಛಜ್ಜಾ. 1896ರ ಪ್ಲೇಗಿಗೆ ನಗರ ತತ್ತರಿಸಿದ ಮೇಲೆ ಇಂಪ್ರೂವ್‌ಮೆಂಟ್ ಟ್ರಸ್ಟಿನವರು ಗಾಳಿ ಬೆಳಕು ನೋಡಿ ಯೋಜಿಸಿದ ಬಡಾವಣೆ ಇದು. ಆರ್ಟ್ ಡೆಕೊ ಶೈಲಿಯ ಕಟ್ಟಡಗಳು ಎದ್ದದ್ದು 1930–40ರ ದಶಕಗಳಲ್ಲಿ. ಮೈಸೂರು ಅಸೋಸಿಯೇಷನ್ ಕೂಡ ಇಲ್ಲೇ ಇದೆ.

ಅಂಥದೊಂದು ಕಟ್ಟಡದ ಎರಡನೇ ಮಹಡಿಯಲ್ಲಿ ಉಡುಪಿ ಕಡೆಯವರ ಮನೆ. ಒಳಗೆ ಕಾಲಿಟ್ಟರೆ ಮೊದಲು ಕಾಣುವುದು ನೆಲ: ತುಸು ಮಾಸಿದ ಹಸಿರು, ಅಂಚಿಗೆ ಕೆಂಪು ಪಟ್ಟಿ. ಅದು ಸಿಮೆಂಟಿನ ಹೆಂಚು. ವಿದೇಶಿ ಹೆಂಚಿಗೆ ಸಡ್ಡು ಹೊಡೆದು ಭಾರತ್ ಟೈಲ್ಸ್ ಶುರುವಾದದ್ದು ಇದೇ ಮುಂಬಯಿಯಲ್ಲಿ, 1922ರಲ್ಲಿ. ಮನೆಯವರು ಇದರ ಮೇಲೆ ಜಮಖಾನೆ ಹಾಸಿಲ್ಲ. ಜಾಣರು.

ಊಟದ ಮೇಜಿನ ಸುತ್ತ ಬಾಗಿಸಿದ ಮರದ ಕುರ್ಚಿಗಳು. ಇರಾನಿ ಹೋಟೆಲುಗಳಲ್ಲಿ ಬನ್ ಮಸ್ಕಾ ತಿಂದವರಿಗೆಲ್ಲ ಪರಿಚಿತ. ಇವುಗಳ ಮೂಲಪುರುಷ, ವಿಯೆನ್ನಾದ ಥೋನೆಟ್ ಕಂಪನಿಯ 1859ರ ಹದಿನಾಲ್ಕನೇ ನಂಬರಿನ ಕುರ್ಚಿ. ಬೀಚ್ ಮರವನ್ನು ಹಬೆಯಲ್ಲಿ ಮೆತ್ತಗಾಗಿಸಿ, ಕಬ್ಬಿಣದ ಅಚ್ಚಿನಲ್ಲಿ ಬಗ್ಗಿಸಿ ಒಣಗಿಸುತ್ತಿದ್ದರು. ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿದ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಹಡಗೇರಿ ಲೋಕ ಸುತ್ತಿದ್ದು ಹಾಗೆ. ಬೆನ್ನಿನ ಬಳುಕಿನ ಮೇಲೆ ಬೆರಳಾಡಿಸಿ ನೋಡಿ, ಎಲ್ಲಿಯೂ ಜೋಡಣೆ ಸಿಗುವುದಿಲ್ಲ: ಹಿಂಗಾಲೇ ಮೇಲೆದ್ದು ಬೆನ್ನಾಗಿ, ಬಳಸಿ ಬಂದು ಇನ್ನೊಂದು ಹಿಂಗಾಲಾಗಿದೆ.

ಬಾಲ್ಕನಿ ಪಕ್ಕ ಚಂಡೀಗಢದ ಪಿಯೇರ್ ಜೀನರೆ ಮಾದರಿಯ ತೇಗ ಮತ್ತು ಬೆತ್ತದ ಆರಾಮ ಕುರ್ಚಿ. ಅಲ್ಲಿನ ಸರ್ಕಾರಿ ಕಚೇರಿಗಳು ಗುಜರಿಗೆ ಹಾಕಿದ ಅಸಲು ಕುರ್ಚಿಗಳು ಈಗ ವಿದೇಶದ ಹರಾಜುಗಳಲ್ಲಿ ಲಕ್ಷಗಟ್ಟಲೆ ಬಾಳುತ್ತವೆ. ಇಲ್ಲಿರುವುದು ನಕಲು, ಕೇಳುವ ಮೊದಲೇ ಹೇಳಿಬಿಡುತ್ತಾರೆ. ಮನೆಯ ಅಜ್ಜಿಗಂತೂ ಅದರ ಕೀರ್ತಿಯ ಬಗ್ಗೆ ಅನುಮಾನ. "ಕೂತ್ರೆ ಏಳ್ಲಿಕ್ಕೆ ಆಗ್ಬೇಕಲ್ಲ ಮಾರಾಯ," ಎಂದು ತನ್ನ ಬೀಟೆಮರದ ಪೆಟ್ಟಿಗೆಯ ಮೇಲೇ ಕೂರುತ್ತಾರೆ. ಹಿತ್ತಾಳೆ ಪಟ್ಟಿಯ ಆ ಪೆಟ್ಟಿಗೆ ಅವರ ತವರಿನದು. ಒಳಗೆ ರೇಷ್ಮೆ ಸೀರೆ, ಲಾವಂಚದ ಬೇರು.

ಗೋಡೆಯಲ್ಲಿ ರವಿವರ್ಮನ ಲಕ್ಷ್ಮಿ. 1894ರಲ್ಲಿ ಘಾಟ್‌ಕೋಪರ್‌ನಲ್ಲಿ ಅವನ ಮುದ್ರಣಾಲಯ ಶುರುವಾದ ಮೇಲೆ ಮನೆಮನೆಗೂ ಬಂದ ದೇವಿ. ಈ ಪಟದ ಸೀರೆಗೆ ಹಿಂದಿನವರು ಯಾರೋ ಚಮಕಿ ಅಂಟಿಸಿದ್ದಾರೆ. ಎದುರಿಗೆ ಕೆ.ಕೆ. ಹೆಬ್ಬಾರರ ರೇಖಾಚಿತ್ರದ ಪ್ರತಿ. ಉಡುಪಿಯ ಕಟ್ಟಿಂಗೇರಿಯಲ್ಲಿ ಹುಟ್ಟಿ ಈ ಮಹಾನಗರದಲ್ಲಿ ಬೆಳಗಿದವರು ಅವರು. ಒಂದು ಕಡೆ ಮೈತುಂಬ ಮಿಂಚು, ಇನ್ನೊಂದು ಕಡೆ ನಾಲ್ಕೇ ಗೆರೆ. ನಡುವಿನ ಗೋಡೆ ಖಾಲಿ, ಬೇಕೆಂದೇ ಖಾಲಿ.

ಇಂಥ ಮನೆ ಕೊಂಡವರು ಮೊದಲು ಮಾಡಿಸುವುದು ಫಾಲ್ಸ್ ಸೀಲಿಂಗು. ಆಮೇಲೆ ಹಳೆಯ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸು. ದಯವಿಟ್ಟು ಎರಡೂ ಬೇಡ. ಆ ದುಡ್ಡಿನಲ್ಲಿ ಕುರ್ಚಿಗಳಿಗೆ ಬೆತ್ತ ಹೆಣೆಸಿ.